ಅಕ್ಕನ ಬಲಗೈ

ಫೆಬ್ರವರಿ ೧೧

ಪ್ರೀತಿಯ ತಮ್ಮನಿಗೆ,

ಈ ಅಕ್ಷರ ನೋಡಿ ಅಕ್ಕ ಓಡುವ ಬಸ್ಸಿನಲ್ಲಿ ಕೂತು ಬರೆದಿದ್ದಾಳೆ ಎಂದುಕೊಳ್ಳಬೇಡ. ಕುರ್ಚಿಯಲ್ಲಿ ನೆಟ್ಟಗೆ ಕೂತೇ ಬರೆಯುತ್ತಿದ್ದೇನೆ. ನನ್ನ ಬಲಗೈ ನಡುಗುತ್ತಿದೆ. ಆರು ತಿಂಗಳಿಂದ ಹೀಗೇ. ನಿನಗೆ ಹೇಳಿರಲಿಲ್ಲ, ಅಷ್ಟೆ. ಮೊದಲು ಚಳಿಗೆ ಎಂದುಕೊಂಡೆ. ಆಮೇಲೆ ವಯಸ್ಸಿಗೆ ಎಂದುಕೊಂಡೆ. ಐವತ್ತೆಂಟು ಒಂದು ವಯಸ್ಸಾ ಎಂದು ನನ್ನನ್ನೇ ಬೈದುಕೊಂಡೆ. ಕೊನೆಗೆ ನಮ್ಮ ಕಣ್ಣಾಸ್ಪತ್ರೆಯ ಮೇಲಿನ ಮಹಡಿಗೆ ಬರುವ ನರದ ಡಾಕ್ಟರಿಗೆ ತೋರಿಸಿದೆ. "ಪ್ರಾಣಕ್ಕೇನೂ ಭಯ ಇಲ್ಲಮ್ಮ. ಆದ್ರೆ ಇದು ಹೋಗಲ್ಲ, ನಿಧಾನಕ್ಕೆ ಜಾಸ್ತಿ ಆಗುತ್ತೆ" ಎಂದರು. ಅವರ ಮುಂದೆ ದೊಡ್ಡ ಧೈರ್ಯವಂತೆಯ ಹಾಗೆ ತಲೆಯಾಡಿಸಿ ಬಂದವಳು, ಮೆಟ್ಟಿಲಿಳಿಯುವಾಗ ಅತ್ತುಬಿಟ್ಟೆ.

ಮೂವತ್ತೊಂದು ವರ್ಷ ಕೃತಕ ಕಣ್ಣು ಮಾಡಿದ ಕೈ ಕಣೋ ಇದು. ನೀನೊಮ್ಮೆ ಬಂದಾಗ ಮುಖ ಕಿವುಚಿಕೊಂಡು ನೋಡಿದ್ದೆಯಲ್ಲ, ಹಾಗೆಯೇ ಈಗಲೂ: ಕಣ್ಣು ಕಳೆದುಕೊಂಡವರನ್ನು ಕಿಟಕಿಯ ಬೆಳಕಿನಲ್ಲಿ ಎದುರಿಗೆ ಕೂರಿಸಿಕೊಂಡು, ಅವರ ಇನ್ನೊಂದು ಕಣ್ಣನ್ನು ನೋಡುತ್ತಾ, ಪಾಪೆಯ ಸುತ್ತ ಕೂದಲಿಗಿಂತ ಸಣ್ಣ ಗೆರೆಗಳನ್ನು ಒಂದೊಂದಾಗಿ ಎಳೆಯಬೇಕು. ಬಿಳಿಯ ಭಾಗದಲ್ಲಿ ನರಗಳಿಗೆಂದು ಕೆಂಪು ರೇಷ್ಮೆಯ ಎಳೆ ಕೂರಿಸಬೇಕು. ಹೋದ ವಾರ ಒಬ್ಬ ಟೀಚರಮ್ಮನ ಕಣ್ಣನ್ನು ಮೂರು ಸಲ ಕೆಡಿಸಿದೆ. "ಪರವಾಗಿಲ್ಲಮ್ಮ, ನನಗೇನು ಅವಸರ" ಎಂದರು. ಪಾಪ, ಮುಂದಿನ ತಿಂಗಳು ಅವರ ಮಗಳ ಮದುವೆ.

ನಮ್ಮ ಪಾಲಿಶಿನವಳು ಗೊತ್ತಲ್ಲ, ಹತ್ತೊಂಬತ್ತು ವರ್ಷದಿಂದ ನನ್ನ ಪಕ್ಕದಲ್ಲಿ ಕೂತು ಅಚ್ಚು ತೆಗೆದು ಕಣ್ಣುಗಳನ್ನು ಉಜ್ಜಿ ಹೊಳಪು ಮಾಡುವವಳು. ಪೆಟ್ಟಿಗೆಗಳ ಮೇಲಿನ ಚೀಟಿಗಳನ್ನೂ ಈಗ ಅವಳೇ ಬರೆಯುತ್ತಾಳೆ. ಹನ್ನೊಂದು ಜನ ಸರದಿಯಲ್ಲಿದ್ದಾರೆ. ಅವರಿಗೆ ಏನು ಹೇಳಲಿ ಎಂದು ತಿಳಿಯುತ್ತಿಲ್ಲ. ನನಗಾಗಿ ಪ್ರಾರ್ಥನೆ ಮಾಡು. ಇದು ಯಾಕೆ ಬಂತು, ಯಾತಕ್ಕೆ ಬಂತು ಎಂದು ಕಾರಣ ಹುಡುಕಲು ಕೂರಬೇಡ. ನಿನ್ನ ಚಾಳಿ ನನಗೆ ಗೊತ್ತು.

ನಿನ್ನ ಅಕ್ಕ


ಫೆಬ್ರವರಿ ೨೦

ಪ್ರೀತಿಯ ಅಕ್ಕ,

ನಿನ್ನ ಪತ್ರವನ್ನು ಎರಡೆರಡು ಸಲ ಓದಿದೆ. ಆದರೆ ಧೈರ್ಯಗೆಡಬೇಡ. ದೇವರ ಚಿತ್ತವಿಲ್ಲದೆ ನಮ್ಮ ತಲೆಯ ಒಂದು ಕೂದಲೂ ಉದುರುವುದಿಲ್ಲ, ಹಾಗಿರುವಾಗ ನಿನ್ನ ಕೈ ಸುಮ್ಮನೆ ನಡುಗುತ್ತದೆಯೇ? ಇದರ ಹಿಂದೆ ಖಂಡಿತ ಒಂದು ಉದ್ದೇಶವಿದೆ. ನೀನು ಒಂದು ದಿನವೂ ರಜೆ ಹಾಕಿದವಳಲ್ಲ. ನಿನಗೆ ವಿಶ್ರಾಂತಿ ಕೊಡಲೆಂದು ಇರಬಹುದು. ನಿನ್ನ ನಂಬಿಕೆಯನ್ನು ಪುಟಕ್ಕಿಡಲು ಇರಬಹುದು. ನಿನ್ನನ್ನು ನೋಡಿ ಬೇರೆಯವರು ತಾಳ್ಮೆ ಕಲಿಯಲೆಂದು ಇರಬಹುದು. ಅಥವಾ ಅದ್ಭುತವಾಗಿ ವಾಸಿ ಮಾಡಿ ತನ್ನ ಮಹಿಮೆಯನ್ನು ತೋರಿಸಲೆಂದೇ ಇರಬಹುದು. ನನ್ನ ಮನಸ್ಸು ಈ ಕೊನೆಯದನ್ನೇ ಹೇಳುತ್ತಿದೆ.

ಇಲ್ಲಿ ಆಸ್ಪತ್ರೆಯ ಪ್ರಾರ್ಥನಾಮಂದಿರದಲ್ಲಿ ಪ್ರತಿ ಬುಧವಾರ ಎಲ್ಲರೂ ನಿನ್ನ ಬಲಗೈಗಾಗಿ ಪ್ರಾರ್ಥಿಸುತ್ತಿದ್ದಾರೆ. ನರ್ಸುಗಳು, ರೋಗಿಗಳ ಕಡೆಯವರು, ನೆಲ ಒರೆಸುವ ಅಜ್ಜಿ ಕೂಡ. ಏನೇ ಬದಲಾವಣೆ ಕಂಡರೂ ತಕ್ಷಣ ಬರೆ. ನಾನು ಚೆನ್ನಾಗಿದ್ದೇನೆ. ಕೆಲಸ ಎಂದಿನಂತೆ ನಡೆದಿದೆ.

ನಿನ್ನ ತಮ್ಮ


ಫೆಬ್ರವರಿ ೨೦ (ಅಂಚೆಗೆ ಹಾಕದ ಪತ್ರ)

ಅಕ್ಕಾ,

ಆ ಪತ್ರವನ್ನು ಡಬ್ಬಿಗೆ ಹಾಕಿ ಬಂದು ಇದನ್ನು ಬರೆಯುತ್ತಿದ್ದೇನೆ. ಇದನ್ನು ನಿನಗೆ ಕಳುಹಿಸುವುದಿಲ್ಲ. ಆದರೆ ನಿನಗೆ ಬರೆಯದೆ ಇನ್ಯಾರಿಗೆ ಬರೆಯಲಿ?

ನಾನು ಚೆನ್ನಾಗಿಲ್ಲ. ಜನವರಿಯಲ್ಲಿ ಮಕ್ಕಳ ವಾರ್ಡಿನಲ್ಲಿ ಒಂದು ಮಗು ತೀರಿಕೊಂಡಿತು. ಆರು ವರ್ಷದ ಹುಡುಗಿ. ತಾಯಿ ಬಸ್ ಕಂಡಕ್ಟರ್, ಯೂನಿಫಾರ್ಮಿನಲ್ಲೇ ಓಡಿಬಂದಿದ್ದಳು. ನಾನು ಆಕೆಯ ಪಕ್ಕಕ್ಕೆ ಹೋಗಿ, ಈ ಆಸ್ಪತ್ರೆಯ ಪಾದ್ರಿಯಾಗಿ ಇಪ್ಪತ್ತು ವರ್ಷದಿಂದ ಹೇಳುತ್ತಾ ಬಂದದ್ದನ್ನೇ ಹೇಳಿದೆ. "ದೇವರ ಯೋಜನೆಯಲ್ಲಿ ತಪ್ಪು ಅನ್ನೋದಿಲ್ಲಮ್ಮ. ಇದಕ್ಕೂ ಒಂದು ಒಳ್ಳೇ ಕಾರಣ ಇರುತ್ತೆ."

ಆಕೆ ತಲೆಯೆತ್ತಿ ಕೇಳಿದಳು, "ಆ ಕಾರಣ ನಿಮಗೆ ಗೊತ್ತಾ?"

"ಈಗ ಗೊತ್ತಿಲ್ಲ, ಮುಂದೆ ಗೊತ್ತಾಗುತ್ತೆ."

"ಗೊತ್ತಾದಾಗ ಬಂದು ತೋರಿಸಿ. ಅಲ್ಲೀವರೆಗೂ ನನ್ನ ಮಗೂ ಹತ್ರ ಬರಬೇಡಿ."

ಅಂದಿನಿಂದ ಯಾರ ಹಾಸಿಗೆಯ ಹತ್ತಿರ ಹೋದರೂ ದಿಂಬು ಸರಿಮಾಡಿ ಬಂದುಬಿಡುತ್ತೇನೆ. ಪ್ರತಿ ವರ್ಷ ಜೂನ್ ಮೂವತ್ತರೊಳಗೆ ಇಲ್ಲಿ ಮುಂದುವರಿಯುತ್ತೇನೆಂದು ಸಹಿ ಹಾಕಿಕೊಡಬೇಕು. ಈ ಸಲ ಅದರ ಬದಲು ರಾಜೀನಾಮೆ ಬರೆದು ಬೀರುವಿನಲ್ಲಿ ಅಂಗಿಗಳ ಕೆಳಗೆ ಇಟ್ಟಿದ್ದೇನೆ. ಇದು ಕೆಲಸ ಬಿಡುವ ಮಾತು ಮಾತ್ರವಲ್ಲ ಅಕ್ಕ, ಅದಕ್ಕಿಂತ ದೊಡ್ಡದನ್ನೇ ಬಿಡುವ ಮಾತು. ಅಷ್ಟರಲ್ಲಿ ನಿನ್ನ ಪತ್ರ ಬಂತು. ನಾನು ಮೊಣಕಾಲೂರಿ ದೇವರಿಗೆ ಷರತ್ತು ಹಾಕಿದೆ: ಜೂನ್ ಮೂವತ್ತರೊಳಗೆ ಅಕ್ಕನ ಕೈ ವಾಸಿ ಮಾಡಿದರೆ ನಾನು ಇರುತ್ತೇನೆ, ಇಲ್ಲವಾದರೆ ಆ ಕಾಗದ ಕೊಟ್ಟು ಹೊರಟುಹೋಗುತ್ತೇನೆ. ನಿನ್ನನ್ನು ಕೇಳದೆ ನಿನ್ನ ಕೈಯನ್ನು ಪಣಕ್ಕಿಟ್ಟಿದ್ದೇನೆ.


ಮಾರ್ಚ್ ೧೫

ಪಾದ್ರಿಗಳೇ,

ನಿಮ್ಮ ಪತ್ರದಲ್ಲಿ ನಾಲ್ಕು ಕಾರಣಗಳನ್ನು ಎಣಿಸಿದೆ. ಕಾರಣ ಹುಡುಕಬೇಡ ಎಂದು ನಾನು ಬರೆದದ್ದು ಕಾಗದ ತುಂಬಿಸುವುದಕ್ಕೆ ಎಂದುಕೊಂಡೆಯಾ? ದೇವರು ನಿನ್ನನ್ನು ತನ್ನ ವಕೀಲನನ್ನಾಗಿ ಯಾವಾಗ ಇಟ್ಟುಕೊಂಡ? ಅವನು ನನಗಂತೂ ಏನೂ ಹೇಳಿಲ್ಲ. ನಿನ್ನ ಕಿವಿಯಲ್ಲಿ ಹೇಳಿದ್ದರೆ ಹೇಳು, ಕೇಳುತ್ತೇನೆ.

ಕೋಪ ಮಾಡಿಕೊಳ್ಳಬೇಡ. ನೀನು ಪ್ರೀತಿಯಿಂದಲೇ ಬರೆದೆ, ಗೊತ್ತು. ಆದರೆ ಕಣ್ಣು ಕಳೆದುಕೊಂಡವರು ನನ್ನ ಎದುರು ಕೂತು ಮೊದಲು ಏನು ಕೇಳುತ್ತಾರೆ ಗೊತ್ತಾ? "ಇದರಲ್ಲಿ ಸ್ವಲ್ಪನಾದ್ರೂ ಕಾಣುತ್ತಾ?" ಹೊಸದರಲ್ಲಿ ನಾನು ಏನೇನೋ ಸುತ್ತಿಬಳಸಿ ಹೇಳುತ್ತಿದ್ದೆ. ಈಗ "ಇಲ್ಲಪ್ಪ, ಕಾಣಲ್ಲ" ಎಂದು ಹೇಳಿ ಸುಮ್ಮನೆ ಕೂರುತ್ತೇನೆ. ಅವರು ಅಳುತ್ತಾರೆ, ಇಲ್ಲವೇ ಗೋಡೆ ನೋಡುತ್ತಾರೆ. ನಾನು ಎದ್ದುಹೋಗುವುದಿಲ್ಲ. ಆಮೇಲೆ ಕೆಲಸ ಶುರುವಾಗುತ್ತದೆ.

ನನಗೆ ಕೋಪ ಬಂದಿಲ್ಲವೇ ಎಂದರೆ ಬಂದಿದೆ. ಮೊನ್ನೆ ಕುಂಚವನ್ನು ಗೋಡೆಗೆ ಎಸೆದೆ. ಆದರೂ ದಿನಾ ಬೆಳಿಗ್ಗೆ ದೇವರ ಹತ್ತಿರ ಕೈಯನ್ನು ವಾಪಸ್ ಕೇಳುತ್ತೇನೆ, ನಾಚಿಕೆಯಿಲ್ಲದೆ ಕೇಳುತ್ತೇನೆ. ಕೊಟ್ಟರೆ ಕುಣಿಯುತ್ತೇನೆ. ಕೊಡದಿದ್ದರೂ ಅವನು ನನ್ನ ತಂದೆಯೇ. ಇಷ್ಟು ವರ್ಷ ನಾನು ಹಗಲೆಲ್ಲ ಜೀವಂತ ಕಣ್ಣನ್ನು ನೋಡಿ ನಕಲು ಮಾಡಿದ್ದೇನೆ. ಅದನ್ನು ಮಾಡಿದವನಿಗೆ ತನ್ನ ಕೆಲಸ ಗೊತ್ತಿದೆ ಎನ್ನುವುದರಲ್ಲಿ ನನಗೆ ಅನುಮಾನವೇ ಇಲ್ಲ.

ಇಷ್ಟು ಬರೆಯಲು ನಾಲ್ಕು ದಿನ ಹಿಡಿಯಿತು. ನೀನು ನಿನ್ನ ಬಗ್ಗೆ ಬರೆದದ್ದು ಎರಡೇ ಸಾಲು. ಯಾಕೋ?

ಅಕ್ಕ


ಏಪ್ರಿಲ್ ೨

ಪ್ರೀತಿಯ ಅಕ್ಕ,

ಬೈದದ್ದು ಒಳ್ಳೆಯದಾಯಿತು. ಇಲ್ಲಿ ಎಲ್ಲ ಕ್ಷೇಮ. ವಾರ್ಡುಗಳು ತುಂಬಿವೆ, ಉಸಿರಾಡಲು ಪುರಸೊತ್ತಿಲ್ಲ. ಕೈ ಹೇಗಿದೆ? ಬೆಳಗಿನ ಹೊತ್ತು ನಡುಕ ಸ್ವಲ್ಪ ಕಡಿಮೆ ಇರುತ್ತದೆಯೇ? ಒಂದು ಗೆರೆಯಾದರೂ ನೆಟ್ಟಗೆ ಬಂದರೆ ತಕ್ಷಣ ತಿಳಿಸು. ಬುಧವಾರದ ಪ್ರಾರ್ಥನೆಯನ್ನು ಈಗ ಶುಕ್ರವಾರವೂ ಮಾಡುತ್ತಿದ್ದೇವೆ.

ತಮ್ಮ


ಏಪ್ರಿಲ್ ೨೮

ಪ್ರೀತಿಯ ತಮ್ಮನಿಗೆ,

ಒಳ್ಳೆಯ ಸುದ್ದಿಯ ಕಾಗದವಿದು, ಆದ್ದರಿಂದ ನೆಟ್ಟಗೆ ಕೂತು ಓದು. ಟೀಚರಮ್ಮನ ಕಣ್ಣು ಮದುವೆಯ ಹಿಂದಿನ ದಿನ ಸಿದ್ಧವಾಯಿತು. ಕನ್ನಡಿ ನೋಡಿಕೊಂಡು, "ಯಾವುದು ನಂದು, ಯಾವುದು ನಿಮ್ಮದು ಅಂತ ನನಗೇ ಗೊತ್ತಾಗ್ತಿಲ್ಲವಲ್ಲ" ಎಂದು ನಕ್ಕರು. ಆಮೇಲೆ ಒಬ್ಬ ಬಡಗಿಯ ಕಣ್ಣು, ಅದೂ ಎರಡೇ ಸಲ ಕೂತದ್ದಕ್ಕೆ ಮುಗಿಯಿತು. ಅವನ ಕಣ್ಣಿನ ಬಣ್ಣ ಬಲು ಕಷ್ಟದ್ದು, ಕಂದಿನೊಳಗೆ ಹಸಿರು. ಕಿಟಕಿಯ ಹತ್ತಿರದ ಮೇಜಿನ ಮೇಲೆ ಮತ್ತೆ ಬಣ್ಣದ ಬಟ್ಟಲುಗಳು ಬಂದಿವೆ. ಸರದಿಯಲ್ಲಿ ಇನ್ನು ಏಳೇ ಜನ. ದೇವರಿಗೆ ಸ್ತೋತ್ರ.

ನೀನು ಸರಿಯಾಗಿ ಊಟ ಮಾಡುತ್ತಿಲ್ಲ ಎಂದು ನನ್ನ ಮನಸ್ಸು ಹೇಳುತ್ತಿದೆ. ಏನಿದ್ದರೂ ಬಾಯಿಬಿಟ್ಟು ಬರೆ.

ನಿನ್ನ ಅಕ್ಕ


ಮೇ ೯

ಅಕ್ಕಾ, ಅಕ್ಕಾ!

ಲಕೋಟೆ ಒಡೆದ ಕೂಡಲೇ ಅಕ್ಷರ ನೋಡಿದೆ. ಓದುವ ಮೊದಲೇ ಅತ್ತುಬಿಟ್ಟೆ. ನಿನ್ನ ಅದೇ ಗುಂಡು ಗುಂಡಾದ ಅಕ್ಷರ, ಎಳ್ಳಷ್ಟೂ ಅಲುಗಿಲ್ಲ! ಮಾರ್ಚಿನ ಪತ್ರವನ್ನೂ ಇದನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಬುಧವಾರ ಎರಡನ್ನೂ ಎತ್ತಿಹಿಡಿದು ಎಲ್ಲರಿಗೂ ತೋರಿಸಿದೆ. ನೆಲ ಒರೆಸುವ ಅಜ್ಜಿ ಎದ್ದು ನಿಂತು ಚಪ್ಪಾಳೆ ತಟ್ಟಿದಳು.

ಇನ್ನು ಮುಚ್ಚಿಡುವುದಿಲ್ಲ. ಜನವರಿಯಲ್ಲಿ ಇಲ್ಲಿ ಒಂದು ಮಗು ತೀರಿಕೊಂಡಿತ್ತು. ತಾಯಿ ಬಸ್ ಕಂಡಕ್ಟರ್. ದೇವರ ಯೋಜನೆಯ ಕಾರಣ ಗೊತ್ತಾದಾಗ ಬಂದು ತೋರಿಸಿ ಎಂದು ನನ್ನನ್ನು ಕಳುಹಿಸಿಬಿಟ್ಟಿದ್ದಳು. ಅಂದಿನಿಂದ ನಾನು ನಾನಾಗಿರಲಿಲ್ಲ. ಈ ಕೆಲಸವನ್ನೇ ಬಿಡುವುದೆಂದು ಒಂದು ಕಾಗದ ಬರೆದಿಟ್ಟಿದ್ದೆ. ಅದನ್ನು ಹರಿದುಹಾಕಿದೆ, ಅಕ್ಕ. ಎರಡು ಪತ್ರಗಳನ್ನೂ ಹಿಡಿದು ಆಕೆಯ ಮನೆಗೆ ಹೋದೆ. "ನೋಡಿ, ದೇವರು ಕೆಲಸ ಮಾಡ್ತಾನೆ" ಎಂದು ಬಾಗಿಲಲ್ಲೇ ತೋರಿಸಿದೆ. ಎರಡನ್ನೂ ಓದಿದಳು. "ಒಳ್ಳೇದಾಯ್ತು. ನಿಮ್ಮ ಅಕ್ಕನಿಗೆ ಸಿಕ್ಕಿತು" ಎಂದು ವಾಪಸ್ ಕೊಟ್ಟು ಬಾಗಿಲು ಹಾಕಿಕೊಂಡಳು. ನಿಧಾನವಾಗಿ ಅವಳಿಗೂ ಅರ್ಥವಾಗುತ್ತದೆ.

ನಿನ್ನ ತಮ್ಮ


ಮೇ ೧೮

ತಮ್ಮಾ,

ಇದು ನನ್ನ ಕೈಯ ಅಕ್ಷರ. ಓದಲು ಕಷ್ಟ, ಆದರೂ ಓದು.

ಆ ಪತ್ರ ಬರೆದದ್ದು ಪಾಲಿಶಿನವಳು. ನಾನು ಹೇಳಿದೆ, ಅವಳು ಬರೆದಳು. ನಮ್ಮ ಕೋಣೆಯಲ್ಲಿ ಚೀಟಿ ಯಾರು ಬರೆದರೂ ನನ್ನ ಹಾಗೆ ಗುಂಡಗೆ ಬರೆಯಬೇಕು, ಪೆಟ್ಟಿಗೆ ಅದಲುಬದಲಾಗಬಾರದೆಂದು ನಾನೇ ಮಾಡಿದ ಕಾನೂನು. ಹತ್ತೊಂಬತ್ತು ವರ್ಷದಲ್ಲಿ ನನ್ನ ಅಕ್ಷರವೇ ಅವಳದಾಗಿದೆ. ಆ ಕಣ್ಣುಗಳಿಗೆ ಬಣ್ಣ ಹಾಕಿದವಳೂ ಅವಳೇ. ನನ್ನ ಕೈ ಫೆಬ್ರವರಿಗಿಂತ ಕೆಟ್ಟಿದೆ. ಒಂದು ಕಾಗದ ಬರೆಯಲೂ ಆಗುವುದಿಲ್ಲ ಎಂದು ಹೇಳಿಕೊಳ್ಳಲು ನಾಚಿಕೆಯಾಗಿ ಆ ಮಾತು ಬಿಟ್ಟುಬಿಟ್ಟೆ. ತಪ್ಪು ನನ್ನದು, ಕ್ಷಮಿಸು.

ನೀನು ಆ ತಾಯಿಯ ಬಾಗಿಲಿಗೆ ಹೋದದ್ದು ಓದಿದ ಕೂಡಲೇ ನಾನೇ ಪೆನ್ನು ಹಿಡಿದೆ. ನನ್ನ ಕೈ ನಿಜವಾಗಿ ವಾಸಿಯಾಗಿದ್ದರೂ ಅದನ್ನು ಅವಳಿಗೆ ತೋರಿಸುವುದೇನೋ? ಅವಳು ಕೇಳಿದ್ದು ಅವಳ ಮಗುವನ್ನು.

ವಾಪಸ್ ಹೋಗು.

ಅಕ್ಕ


ಜೂನ್ ೧೦

ಪ್ರೀತಿಯ ತಮ್ಮನಿಗೆ,

ಇದನ್ನು ಬರೆಯುತ್ತಿರುವುದು ಪಾಲಿಶಿನವಳು. ಈ ಸಲ ಮೊದಲೇ ಹೇಳಿಬಿಟ್ಟೆ. ಮೂರು ವಾರವಾಯಿತು, ನಿನ್ನ ಪತ್ರವಿಲ್ಲ. ಅಂಚೆಯವನ ದಾರಿ ಕಾದು ಸಾಕಾಯಿತು. ಆ ಕಾಗದವನ್ನು ಮತ್ತೆ ಬರೆದಿದ್ದೀಯಾ ಎಂದು ಹೆದರಿಕೆಯಾಗಿದೆ.

ಇಲ್ಲಿನ ಕಥೆ ಪೂರ್ತಿ ಹೇಳುತ್ತೇನೆ. ನಾನು ಕುಂಚ ಎಸೆದ ದಿನ ಅದನ್ನು ನೆಲದಿಂದ ಎತ್ತಿಕೊಂಡವಳು ಇವಳು. ಒರೆಸಿ, ಟೀಚರಮ್ಮನ ಕಣ್ಣಿನ ಮೇಲೆ ಒಂದು ಗೆರೆ ಎಳೆದಳು. ಗೆರೆ ಅಂದರೆ ಗೆರೆ! "ಯಾವಾಗ ಕಲಿತೆಯೇ?" ಎಂದೆ. "ಪಕ್ಕದಲ್ಲೇ ಕೂತಿದ್ನಲ್ಲಮ್ಮ" ಎಂದಳು. ಒಂದು ದಿನವಾದರೂ ನಾನು ಅವಳ ಕೈಗೆ ಕುಂಚ ಕೊಟ್ಟು ನೋಡಲಿಲ್ಲ. ಈಗ ನಾನು ಕೂತು ಬಣ್ಣ ಹೇಳುತ್ತೇನೆ, ಅವಳು ಹಾಕುತ್ತಾಳೆ. ಬಣ್ಣ ನೋಡುವ ನನ್ನ ಕಣ್ಣು ಇನ್ನೂ ಸರಿಯಾಗಿದೆಯಲ್ಲ. ಇಬ್ಬರೂ ದಿನಕ್ಕೆ ಹತ್ತು ಸಲ ಜಗಳವಾಡುತ್ತೇವೆ.

ಇಗೋ, ಈಗ ನಿನ್ನ ತಲೆ ಓಡುತ್ತಿದೆ: "ಓಹೋ, ಇವಳಿಗೆ ಕೆಲಸ ಕಲಿಸಲೆಂದೇ ದೇವರು ಅಕ್ಕನ ಕೈ ನಡುಗಿಸಿದ!" ಬಾಯಿ ಮುಚ್ಚು. ಅಷ್ಟಕ್ಕೇ ಆಗಿದ್ದರೆ ನನ್ನ ಭುಜ ತಟ್ಟಿ ಹೇಳಿದ್ದರೆ ಸಾಕಾಗಿತ್ತು. ಇದು ಒಳ್ಳೆಯದಾಯಿತು, ಅವನಿಗೆ ಸ್ತೋತ್ರ. ಕಾರಣ ಇದೇ ಎಂದು ನಾನು ಹೇಳುವುದಿಲ್ಲ. ನನಗೆ ಗೊತ್ತಿಲ್ಲ.

ಆದರೂ ನಂಬುತ್ತೇನೆ. ಯಾಕೆಂದು ಒಂದೇ ಸಲ ಹೇಳುತ್ತೇನೆ. ಕರ್ತನನ್ನು ಶಿಲುಬೆಗೆ ಹಾಕಿದ ದಿನ ಅವನ ತಾಯಿ ಅಲ್ಲೇ ನಿಂತಿದ್ದಳು. ಯಾಕೆ ಹೀಗೆ ಎಂದು ಯಾರೂ ಅವಳಿಗೆ ಬಿಡಿಸಿ ಹೇಳಲಿಲ್ಲ. ಕಣ್ಣೆದುರಿಗೆ ಮಗ ಸಾಯುತ್ತಿದ್ದ, ಅಷ್ಟೇ ಅವಳಿಗೆ ಕಂಡದ್ದು. ದೇವರ ಕೆಲಸ ಆ ಹೊತ್ತಿನಲ್ಲೂ ನಿಂತಿರಲಿಲ್ಲ. ದೇವರು ಅವತ್ತು ಎಲ್ಲೋ ದೂರದಲ್ಲಿ ಕೂತು ನೋಡುತ್ತಿರಲಿಲ್ಲ, ಆ ಮರದ ಮೇಲೇ ಇದ್ದ. ನಾನು ನಂಬಿರುವುದು ಅವನನ್ನು ಕಣೋ. ಕಾರಣವನ್ನು ಅವನು ಹೇಳಿದಾಗ ಕೇಳಿಕೊಳ್ಳುತ್ತೇನೆ.

ನೀನು ಕೆಲಸ ಬಿಟ್ಟರೂ ನನ್ನ ತಮ್ಮನೇ. ಆದರೆ ಬರೆ.

ಅಕ್ಕ

ಪಾಸ್ಟರ್ ಅವರಿಗೆ ಪಾಲಿಶಿನವಳ ನಮಸ್ಕಾರ. ಅಮ್ಮ ಚಹಾ ತರೋಕೆ ಹೋಗಿದ್ದಾರೆ, ಅದಕ್ಕೇ ಇದನ್ನು ಬೇಗ ಬೇಗ ಬರೀತಿದ್ದೀನಿ. ನನ್ನ ಅಕ್ಷರದಿಂದ ನಿಮಗೆ ತೊಂದರೆ ಆಯ್ತಂತೆ, ದಯವಿಟ್ಟು ಕ್ಷಮಿಸಿ. ಒಂದು ಮಾತು ಹೇಳಬೇಕು. ನಾನು ಮೊದಲನೇ ಕಣ್ಣು ಮುಗಿಸಿದ ದಿನ ಅಮ್ಮ ಅದನ್ನು ಬೆಳಕಿಗೆ ಹಿಡಿದು ನೋಡಿದ್ರು. ಕೈ ನಡುಗ್ತಿತ್ತು, ಎಲ್ಲಿ ಬೀಳಿಸ್ತಾರೋ ಅಂತ ನನಗೆ ಭಯ. "ನನ್ನದಕ್ಕಿಂತ ಚೆನ್ನಾಗಿದೆ" ಅಂದ್ರು. ಆಮೇಲೆ ಹಿಂದಿನ ಕೋಣೆಗೆ ಹೋಗಿ ತುಂಬಾ ಹೊತ್ತು ಅತ್ರು, ನನಗೆ ಕೇಳಿಸ್ತು. ಮುಖ ತೊಳ್ಕೊಂಡು ಬಂದು, "ಮುಂದಿನವರನ್ನ ಕರೀ" ಅಂದ್ರು. ಇಷ್ಟು ವರ್ಷದಲ್ಲಿ ಚರ್ಚಿನಲ್ಲಿ ಯಾರ ಬಾಯಲ್ಲಿ ಪ್ರಸಂಗ ಕೇಳಿದ್ರೂ ನನಗೆ ಅಷ್ಟು ತಾಕಿರಲಿಲ್ಲ. ನೀವು ಬೇಜಾರು ಮಾಡ್ಕೋಬೇಡಿ.


ಜೂನ್ ೨೮

ಪ್ರೀತಿಯ ಅಕ್ಕ,

ಬರೆಯದೆ ಇದ್ದದ್ದಕ್ಕೆ ಎಷ್ಟು ಬೈದರೂ ಬೈಸಿಕೊಳ್ಳುತ್ತೇನೆ. ಮೇ ತಿಂಗಳಲ್ಲಿ ನಿನ್ನ ಪತ್ರ ಓದಿದ ದಿನವೇ ರಾಜೀನಾಮೆಯನ್ನು ಮತ್ತೆ ಬರೆದೆ. ಅದಕ್ಕಿಂತ ನಾಚಿಕೆಯ ಮಾತು ಇನ್ನೊಂದಿದೆ. ಫೆಬ್ರವರಿಯಲ್ಲೇ ನಾನು ದೇವರಿಗೆ ಷರತ್ತು ಹಾಕಿದ್ದೆ. ಜೂನ್ ಮೂವತ್ತರೊಳಗೆ ನಿನ್ನ ಕೈ ವಾಸಿಯಾದರೆ ಇರುತ್ತೇನೆ, ಇಲ್ಲವಾದರೆ ಬಿಟ್ಟುಹೋಗುತ್ತೇನೆ ಎಂದು. ಪ್ರತಿ ಪತ್ರದಲ್ಲೂ ಕೈ ಹೇಗಿದೆ, ಕೈ ಹೇಗಿದೆ ಎಂದು ಕೇಳುತ್ತಿದ್ದೆನಲ್ಲ, ಅದರಲ್ಲಿ ಅರ್ಧ ನನಗಾಗಿಯೇ ಕೇಳುತ್ತಿದ್ದೆ. ನೀನು ನಾಲ್ಕು ದಿನ ಕಷ್ಟಪಟ್ಟು ಒಂದು ಕಾಗದ ಬರೆದರೆ, ನಾನು ಅದರಲ್ಲಿ ಅಕ್ಷರದ ನಡುಕ ಅಳೆಯುತ್ತಿದ್ದೆ.

ಪಾಲಿಶಿನವರು ಬರೆದದ್ದನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ನೀನು ಮುಖ ತೊಳೆದುಕೊಂಡು ಬಂದು ಮುಂದಿನವರನ್ನು ಕರೆಸಿದೆಯಲ್ಲ, ಅಕ್ಕ, ನಾನು ಇಪ್ಪತ್ತು ವರ್ಷ ಉಪದೇಶ ಮಾಡಿದ್ದು ಅದನ್ನೇ. ಹಾಗೆ ನಡೆದುಕೊಂಡವರನ್ನು ನೋಡಿದ್ದು ಇದೇ ಮೊದಲು. ನೀನು ನನ್ನ ಅಕ್ಕ ಎನ್ನಲು ನನಗೆ ಎಷ್ಟು ಹೆಮ್ಮೆ ಎಂದು ಹೇಳಲು ಬರುವುದಿಲ್ಲ.

ಹೋದ ಬುಧವಾರ ಮಂದಿರದಲ್ಲಿ ಎದ್ದು ನಿಂತು ನಿಜ ಹೇಳಿದೆ. "ನನ್ನ ಅಕ್ಕನ ಕೈ ವಾಸಿಯಾಗಿಲ್ಲ. ನಾನು ತಪ್ಪು ತಿಳ್ಕೊಂಡಿದ್ದೆ, ನಿಮಗೂ ತಪ್ಪು ಹೇಳಿದೆ." ನೆಲ ಒರೆಸುವ ಅಜ್ಜಿ, "ಹಾಗಾದ್ರೆ ಪ್ರಾರ್ಥನೆ ನಿಲ್ಲಿಸೋದಾ, ಮುಂದುವರಿಸೋದಾ? ಅಷ್ಟು ಹೇಳಿ" ಎಂದು ಕೇಳಿದಳು. ಮುಂದುವರಿಸಿದೆವು.

ಅಲ್ಲಿಂದ ನೇರವಾಗಿ ಕಂಡಕ್ಟರಮ್ಮನ ಮನೆಗೆ ಹೋದೆ. ಕಾಲು ಎಳೆದುಕೊಂಡೇ ಹೋದೆ, ಸುಳ್ಳು ಹೇಳುವುದಿಲ್ಲ. ಬಾಗಿಲು ತೆರೆದವಳು ನನ್ನ ಕೈ ನೋಡಿದಳು, ಇನ್ನೇನು ತಂದಿದ್ದಾನೋ ಎಂದು. ಏನೂ ತಂದಿರಲಿಲ್ಲ.

"ಅವತ್ತು ತೋರಿಸಿದ್ದು ತಪ್ಪಮ್ಮ" ಎಂದೆ. "ಆ ಪತ್ರ ಬರೆದದ್ದು ನನ್ನ ಅಕ್ಕ ಅಲ್ಲ. ಅವಳ ಕೈ ಇನ್ನೂ ನಡುಗ್ತಿದೆ. ಜನವರಿಯಲ್ಲಿ ಹೇಳಿದ್ದೂ ತಪ್ಪು. ನಿಮ್ಮ ಮಗು ಯಾಕೆ ಹೋಯ್ತು ಅಂತ ನನಗೆ ಗೊತ್ತಿಲ್ಲ."

"ಮತ್ತೆ ಇನ್ನೂ ದೇವರನ್ನ ನಂಬ್ತೀರಾ?"

"ನಂಬ್ತೀನಿ."

ಒಂದು ಬದಿಗೆ ಸರಿದು ಬಾಗಿಲನ್ನು ಪೂರ್ತಿ ತೆರೆದಳು. ಆಮೇಲೆ, "ಅವತ್ತು ನಿಮಗೆ ಎಲ್ಲಾ ಗೊತ್ತಿತ್ತು. ಅದಕ್ಕೇ ಕಳಿಸಿಬಿಟ್ಟೆ. ಇವತ್ತು ಒಳಗೆ ಬನ್ನಿ" ಎಂದಳು.

ಎರಡು ಗಂಟೆ ಕೂತಿದ್ದೆ, ಅಕ್ಕ. ನಾನು ಒಂದು ವಾಕ್ಯವನ್ನೂ ಉಪದೇಶಿಸಲಿಲ್ಲ. ಆಕೆ ಮಗಳ ಬಗ್ಗೆ ಹೇಳಿದಳು. ಹುಡುಗಿಗೆ ಬಸ್ಸಿನ ಎಲ್ಲ ನಿಲ್ದಾಣಗಳ ಹೆಸರೂ ಬಾಯಿಪಾಠವಂತೆ. ಊಟಕ್ಕೆ ಕೂತರೆ ತಟ್ಟೆಯ ಮುಂದೆ ಗೊಂಬೆಗಳಿಗೆಲ್ಲ ಟಿಕೆಟ್ ಕೊಟ್ಟಾದ ಮೇಲೆಯೇ ತುತ್ತು ಬಾಯಿಗೆ. ಹೇಳುತ್ತಾ ಹೇಳುತ್ತಾ ಒಮ್ಮೆ ನಕ್ಕಳು, ಆಮೇಲೆ ಅತ್ತಳು. ನಾನೂ ಅತ್ತೆ. ಹೊರಡುವಾಗ "ಪ್ರಾರ್ಥನೆ ಮಾಡ್ತೀರಾ?" ಎಂದು ಆಕೆಯೇ ಕೇಳಿದಳು. ಮಾಡಿದೆ. ಮಗುವಿನ ಹೆಸರು ಹೇಳಿ, ಈ ತಾಯಿಯ ಜೊತೆಗಿರು ಎಂದೆ. ಬೇರೆ ಏನೂ ಬಾಯಿಗೆ ಬರಲಿಲ್ಲ.

ಇವತ್ತು ಜೂನ್ ಇಪ್ಪತ್ತೆಂಟು. ನಿನ್ನ ಕೈ ಇನ್ನೂ ನಡುಗುತ್ತಿದೆ. ಇನ್ನೆರಡು ದಿನದಲ್ಲಿ ನಿಲ್ಲುವುದೂ ಇಲ್ಲ. ಬೆಳಿಗ್ಗೆ ಕಚೇರಿಗೆ ಹೋಗಿ, ಇಲ್ಲೇ ಇರುತ್ತೇನೆ ಎಂದು ಸಹಿ ಹಾಕಿ ಬಂದೆ.

ನಿನ್ನ ತಮ್ಮ